ಉತ್ತರಕ್ಕೆ ತಿರುಗಿದ್ದ ತಾರಸಿಗಳು

ಕುಮಾರಸ್ವಾಮಿ ಲೇಔಟಿನಲ್ಲಿ ಟಿ.ವಿ. ಗೋಪುರವಿಲ್ಲ. ಬೆಂಗಳೂರಿನ ಟಿ.ವಿ. ಗೋಪುರ ಇರುವುದು ಊರಿನ ಆ ಬದಿಗೆ, ಮೇಖ್ರಿ ವೃತ್ತದ ಹತ್ತಿರ, ಜಯಚಾಮರಾಜೇಂದ್ರ ನಗರದ ದೂರದರ್ಶನ ಕೇಂದ್ರದ ಆವರಣದಲ್ಲಿ. ಅಲ್ಲಿನ ಬಸ್ ನಿಲ್ದಾಣಕ್ಕೂ ‘ಟಿ.ವಿ. ಟವರ್’ ಎಂಬ ಹೆಸರೇ ನಿಂತುಹೋಗಿದೆ. ನೇರಗೆರೆ ಎಳೆದರೆ ಅಲ್ಲಿಂದ ನಮ್ಮ ಲೇಔಟಿಗೆ ಸುಮಾರು 12 ಕಿಲೋಮೀಟರ್. ಎಂಬತ್ತರ ದಶಕದಲ್ಲಿ ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಯಾವ ತಾರಸಿ ಹತ್ತಿದರೂ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾಗಳೆಲ್ಲ ಉತ್ತರ ದಿಕ್ಕಿಗೇ ಮುಖ ಮಾಡಿ ನಿಂತಿರುತ್ತಿದ್ದವು. ಆ ಗೋಪುರ ಕಣ್ಣಿಗೆ ಬೀಳಲಿ ಬೀಳದಿರಲಿ, ಅದು ಯಾವ ಕಡೆ ಇದೆ ಎಂಬುದು ದಕ್ಷಿಣ ಬೆಂಗಳೂರಿನ ಪ್ರತಿ ಮನೆಗೂ ಗೊತ್ತಿತ್ತು.

ಕನ್ನಡ ಟಿ.ವಿ.ಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಧಾರಾವಾಹಿಗಳ, ನಿರೂಪಕರ, ಚಾನೆಲ್‌ಗಳ ಪಟ್ಟಿ ಕೊಡುತ್ತಾರೆ. ಅದು ಬೇಕಾದದ್ದೇ. ಆದರೆ ಯಾವ ಊರಿನವರು ಯಾವ ಭಾಷೆಯ ಟಿ.ವಿ. ನೋಡಿದರು ಎಂಬುದನ್ನು ತೀರ್ಮಾನಿಸಿದ್ದು ಕಲಾವಿದರಲ್ಲ, ಎತ್ತರ. ಗೋಪುರ ಎಷ್ಟು ಎತ್ತರ, ಉಪಗ್ರಹ ಎಷ್ಟು ಎತ್ತರ, ಕೇಬಲ್ ಎಳೆದ ಕಂಬ ಯಾರದು ಎಂಬ ಪ್ರಶ್ನೆಗಳ ಜೊತೆಗೇ ಕನ್ನಡದ ಪಾಲೂ ನಿಷ್ಕರ್ಷೆಯಾಗುತ್ತ ಬಂತು. ಹಾಗಾಗಿ ಗೋಪುರದಿಂದಲೇ ಕಥೆ ಶುರು ಮಾಡುವುದು ಸರಿ.

ಜೆ.ಸಿ. ನಗರದ ಆ ಜಾಗಕ್ಕೆ ಹಳೆಯ ಹಿನ್ನೆಲೆ ಒಂದುಂಟು. ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗಡಿಗೋಪುರಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ಮೇಲಿದೆ, ಒಂದು ಕೆಂಪಾಂಬುಧಿ ಕೆರೆಯ ಬಳಿ, ಒಂದು ಹಲಸೂರು ಕೆರೆಯ ಬಳಿ. ನಾಲ್ಕನೆಯದು ಮೇಖ್ರಿ ವೃತ್ತದ ಹತ್ತಿರ, ದೂರದರ್ಶನ ಕೇಂದ್ರಕ್ಕೆ ಸಮೀಪದಲ್ಲಿ. ಕಾವಲಿಗೆ ಬೇಕಾದದ್ದು ದೂರದವರೆಗೆ ಕಾಣುವ ದಿಣ್ಣೆ. ಟಿ.ವಿ. ಪ್ರಸಾರಕ್ಕೆ ಬೇಕಾದದ್ದೂ ಅದೇ. ಆಕಾಶವಾಣಿಯ ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡಂತೆ ಭೂಮಿಯ ಬಾಗನ್ನೇ ಹಿಡಿದು ಸಾಗಬಲ್ಲದು. ಕಿರುತರಂಗ ಮೇಲಿನ ವಾಯುಮಂಡಲಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ದೂರ ಇಳಿಯಬಲ್ಲದು. ಟಿ.ವಿ.ಯ ತರಂಗಕ್ಕೆ ಈ ಎರಡು ವಿದ್ಯೆಯೂ ಇಲ್ಲ. ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತದೆ, ಭೂಮಿ ಬಾಗಿದಲ್ಲಿ ತಪ್ಪಿಹೋಗುತ್ತದೆ.

ಎಂಜಿನಿಯರುಗಳ ಕೈಲೆಕ್ಕ ಸರಳ: ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ತರಂಗ ಮುಟ್ಟುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಮೀಟರ್ ಎತ್ತರದ ಗೋಪುರಕ್ಕೆ ಸುಮಾರು 40 ಕಿ.ಮೀ. ನೋಡುವವರ ಮನೆಯ ಆಂಟೆನಾ ಒಂದು ಮಹಡಿಯ ಮೇಲಿದ್ದರೆ ಇನ್ನೊಂದು ಹತ್ತು ಕಿಲೋಮೀಟರ್ ಸೇರುತ್ತದೆ. ದೂರವನ್ನು ಎರಡರಷ್ಟು ಮಾಡಬೇಕೆಂದರೆ ಎತ್ತರವನ್ನು ನಾಲ್ಕರಷ್ಟು ಮಾಡಬೇಕು. ದೇಶದ ಅತಿ ಎತ್ತರದ ಟಿ.ವಿ. ಗೋಪುರವಾದ ರಾಮೇಶ್ವರದ 323 ಮೀಟರಿನ ಗೋಪುರವೂ ಈ ಲೆಕ್ಕದಲ್ಲಿ 70 ಕಿ.ಮೀ. ಚಿಲ್ಲರೆಗೆ ನಿಲ್ಲುತ್ತದೆ. ಅಂದರೆ ಬೆಂಗಳೂರಿನಲ್ಲಿ ಎಷ್ಟೇ ಎತ್ತರಕ್ಕೆ ಕಟ್ಟಿದ್ದರೂ ಮೈಸೂರನ್ನು ಮುಟ್ಟಲಾಗುತ್ತಿರಲಿಲ್ಲ, ಧಾರವಾಡದ ಮಾತಂತೂ ದೂರವೇ ಉಳಿಯಿತು. ಗೋಪುರವೆಂದರೆ ಒಂದು ಊರು ಮತ್ತು ಅದರ ಸುತ್ತಲಿನ ಸೀಮೆ, ಅಷ್ಟೇ. ಮುಂದೆ ಬರುವ ಎಲ್ಲ ಜಗಳಗಳ ಮೂಲ ಈ ಮಿತಿಯಲ್ಲಿದೆ.

ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ. ರಾಜಧಾನಿಯವರು ಇದನ್ನು ಮರೆತೇಬಿಟ್ಟಿದ್ದಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ಇಸ್ರೋ ಮತ್ತು ಆಕಾಶವಾಣಿ ಸೇರಿ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗ ನಡೆಸಿದವು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಸೈಟ್’ ಎಂದೇ ಅದು ಪ್ರಸಿದ್ಧ. ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಒಂದು ಸಮುದಾಯ ಟಿ.ವಿ., ಹೊರಗೆ ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ಸುಮಾರು ಮೂರು ಮೀಟರ್ ಅಗಲದ ಬಟ್ಟಲು. ಬೆಳಿಗ್ಗೆ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ದೆಹಲಿಯಿಂದ ಅರ್ಧ ಗಂಟೆಯ ಸಾಮಾನ್ಯ ಕಾರ್ಯಕ್ರಮ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಉಪಗ್ರಹದಲ್ಲಿ ಚಿತ್ರಕ್ಕೆ ಒಂದು ಹಾದಿ, ಧ್ವನಿಗೆ ಎರಡು ಹಾದಿ ಇದ್ದುದರಿಂದ ಒಂದೇ ಚಿತ್ರಕ್ಕೆ ತೆಲುಗು, ಕನ್ನಡ ಎರಡೂ ಮಾತು ಸೇರಿಸಲು ಸಾಧ್ಯವಿತ್ತು.

ವಿಕ್ರಮ್ ಸಾರಾಭಾಯಿ ಅವರ ಕಲ್ಪನೆಯೇ ಅದಾಗಿತ್ತು: ಟಿ.ವಿ. ನಗರದಿಂದ ನಿಧಾನವಾಗಿ ಹಳ್ಳಿಗೆ ಹರಡುವುದು ಬೇಡ, ಹಳ್ಳಿಯಿಂದಲೇ ಶುರುವಾಗಲಿ. ಅವರು 1971ರಲ್ಲೇ ತೀರಿಕೊಂಡರು, ಪ್ರಯೋಗ ನೋಡಲಿಲ್ಲ. ವರ್ಷ ಮುಗಿದ ಮೇಲೆ ಅಮೆರಿಕದವರು ಉಪಗ್ರಹವನ್ನು ವಾಪಸು ಸರಿಸಿಕೊಂಡರು. ನೋಡಿ ರೂಢಿಯಾಗಿದ್ದ ಹಳ್ಳಿಗಳಲ್ಲಿ ಕೆಲವಕ್ಕಾದರೂ ಸೇವೆ ಮುಂದುವರಿಸಬೇಕೆಂದು 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಗೋಪುರವನ್ನೇ ನಿಲ್ಲಿಸಲಾಯಿತು. ಹೀಗೆ ಕನ್ನಡ ನಾಡಿನ ಮೊದಲ ಟಿ.ವಿ. ಗೋಪುರದ ಕೀರ್ತಿ ಈಗಿನ ಕಲಬುರಗಿಗೆ ಸಲ್ಲಬೇಕು. ಆಗ ಬೆಂಗಳೂರಿನಲ್ಲಿ ಟಿ.ವಿ. ಇರಲಿಲ್ಲ. ಹಿಂದುಳಿದ ಜಿಲ್ಲೆಗಳೆಂದು ಕರೆಸಿಕೊಂಡ ಸೀಮೆಗೆ ರಾಜಧಾನಿಗಿಂತ ಮೊದಲು ಒಂದು ಹೊಸ ತಂತ್ರಜ್ಞಾನ ತಲುಪಿದ ಇಂಥ ಉದಾಹರಣೆ ನಮ್ಮಲ್ಲಿ ಬಹಳ ಇಲ್ಲ. ಈ ಸಂಗತಿ ನಮ್ಮ ಶಾಲಾ ಪಠ್ಯದಲ್ಲಿ ಇರಬೇಕಾದದ್ದು.

ದೆಹಲಿಯಲ್ಲಿ 1959ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಟಿ.ವಿ. 1972ರಲ್ಲಿ ಮುಂಬೈಗೆ, 1975ರಲ್ಲಿ ಕಲ್ಕತ್ತೆ ಮತ್ತು ಮದರಾಸಿಗೆ ಬಂತು. 1976ರ ಏಪ್ರಿಲ್‌ನಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾಯಿತು. ಬೆಂಗಳೂರಿನ ಸರದಿ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಸಂಜೆಯ ಕೆಲವು ಗಂಟೆಗಳ ಕಪ್ಪು-ಬಿಳುಪು ಪ್ರಸಾರ. ತಡವಾಗಿ ಬಂತು ಎಂಬ ಕೊರಗು ಆಗ ಊರಿನಲ್ಲಿತ್ತು, ಅದಕ್ಕೆ ಕಾರಣವೂ ಇತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ದೇಶದ ಆಕಾಶವಾಣಿ, ದೂರದರ್ಶನಗಳಿಗೆ ಪ್ರಸಾರ ಯಂತ್ರಗಳನ್ನು ಮಾಡುತ್ತಿದ್ದ ಸಂಸ್ಥೆ. ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳೂ ಅಲ್ಲಿಂದಲೇ ಹೊರಬಂದವು. ಆರ್ಯಭಟ ಉಪಗ್ರಹ 1975ರಲ್ಲಿ ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಊರಿಗೆಲ್ಲ ಟಿ.ವಿ. ಸಾಮಗ್ರಿ ಮಾಡಿಕೊಡುವ ನಗರ ತಾನು ಮಾತ್ರ ಟಿ.ವಿ. ಕಾಣದೆ ಅಷ್ಟು ವರ್ಷ ಕಾದಿತ್ತು.

ಕುಮಾರಸ್ವಾಮಿ ಲೇಔಟು ಇರುವುದು ಶಾವಿಗೆ ಮಲ್ಲೇಶ್ವರ ಬೆಟ್ಟದ ಏರಿನಲ್ಲಿ. ಈಗ ದಯಾನಂದ ಸಾಗರ್ ಕಾಲೇಜುಗಳ ಕಟ್ಟಡಗಳಿಂದ ಗುರುತಾಗುವ ಈ ದಿಣ್ಣೆಯ ಮೇಲೆ ಮನೆ ಕಟ್ಟಿದವರಿಗೆ ಒಳ್ಳೆಯ ಸಿಗ್ನಲ್ ಸಿಗುತ್ತಿತ್ತು. ಅದೇ ಏರಿನ ದಕ್ಷಿಣದ ಇಳಿಜಾರಿನಲ್ಲಿ, ಕನಕಪುರ ರಸ್ತೆಯ ಕಡೆಯ ತಗ್ಗುಗಳಲ್ಲಿ ಕಟ್ಟಿದವರು ಉದ್ದದ ಪೈಪು ನೆಡಬೇಕು, ಬೂಸ್ಟರ್ ಹಾಕಿಸಬೇಕು. ಒಂದೇ ಬಡಾವಣೆಯಲ್ಲಿ ಎರಡು ರಸ್ತೆಗಳ ಅಂತರದಲ್ಲಿ ಚಿತ್ರದ ಗುಣ ಬೇರೆಯಾಗಲು ಬೆಟ್ಟದ ನೆರಳು ಸಾಕು. ತಾರಸಿಯ ಮೇಲೊಬ್ಬ ಪೈಪು ತಿರುಗಿಸುವುದು, ಕಿಟಕಿಯಲ್ಲೊಬ್ಬರು ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು ಸಾಕು, ಹೋಯ್ತು’ ಎಂದು ಕೂಗುವುದು ಪ್ರತಿ ಬೀದಿಯ ಭಾನುವಾರದ ಕೆಲಸವಾಗಿತ್ತು. ಕಾಗೆ ಕೂತರೆ ಕಡ್ಡಿ ಬಾಗುತ್ತಿತ್ತು, ಕೋತಿ ಬಂದರೆ ಮುರಿಯುತ್ತಿತ್ತು, ಗಾಳಿಮಳೆಗೆ ಆಂಟೆನಾ ಪಕ್ಕದ ಮನೆಯ ಕಡೆ ತಿರುಗಿ ನಿಲ್ಲುತ್ತಿತ್ತು. ವಿಮಾನ ಹಾದುಹೋದರೆ ಚಿತ್ರ ಅಲುಗಾಡುತ್ತಿತ್ತು, ಏಕೆಂದರೆ ಅದರ ಲೋಹದ ಮೈಗೆ ತಾಗಿದ ತರಂಗವೂ ಒಂದಿಷ್ಟು ತಡವಾಗಿ ಮನೆಗೆ ಬರುತ್ತಿತ್ತು. ಎತ್ತರದ ಕಟ್ಟಡಕ್ಕೆ ತಾಗಿ ಬಂದ ತರಂಗದಿಂದ ಒಬ್ಬ ವಾರ್ತಾವಾಚಕರ ಪಕ್ಕದಲ್ಲಿ ಇನ್ನೊಬ್ಬರು ಮಸುಕಾಗಿ ಕೂತಂತೆ ಕಾಣುತ್ತಿತ್ತು. ಈ ಜೋಡಿ ಚಿತ್ರದ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಗೋಪುರದ ದೊಡ್ಡ ಗುಣ ಇಲ್ಲೇ ಹೇಳಿಬಿಡಬೇಕು. ಅದರ ಪ್ರಸಾರಕ್ಕೆ ಮಧ್ಯವರ್ತಿ ಇರಲಿಲ್ಲ. ಸೆಟ್ಟು ಕೊಳ್ಳಬೇಕು, ಎಂಬತ್ತರ ದಶಕದ ನಡುವೆ ರದ್ದಾಗುವವರೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕು, ಅಷ್ಟೇ. ಆಮೇಲೆ ತಿಂಗಳ ಬಾಡಿಗೆ ಕೇಳಲು ಬರುವವರಿಲ್ಲ. ಸೆಟ್ಟಿಲ್ಲದವರು ಪಕ್ಕದ ಮನೆಯ ಹಜಾರದಲ್ಲಿ ಕೂತು ನೋಡಿದರು. ಇಡೀ ನಗರ ಒಂದೇ ಹೊತ್ತಿಗೆ ಒಂದೇ ವಾರ್ತೆ ಕೇಳಿತು, ‘ಚಿತ್ರಮಂಜರಿ’ಯ ಒಂದೇ ಹಾಡು ನೋಡಿತು. ‘ಸಿಹಿಕಹಿ’ ಎಂಬ ಧಾರಾವಾಹಿ ಜನಕ್ಕೆ ಎಷ್ಟು ಹತ್ತಿರವಾಯಿತೆಂದರೆ ಅದರ ನಟರಾದ ಚಂದ್ರು ಮತ್ತು ಗೀತಾ ಇಂದಿಗೂ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ಧಾರಾವಾಹಿಯ ಹೆಸರೇ ಮನೆತನದ ಹೆಸರಾಗಿ ನಿಂತಿತು.

ಆದರೆ ಈ ಕನ್ನಡ ಸಿಕ್ಕಿದ್ದು ಗೋಪುರದ ಬುಡದ ಸುತ್ತಲಿನವರಿಗೆ ಮಾತ್ರ. ಉಳಿದ ಕರ್ನಾಟಕಕ್ಕೆ ಬಂದದ್ದು ಬೇರೆ.

1982ರ ಏಪ್ರಿಲ್‌ನಲ್ಲಿ ಇನ್ಸಾಟ್-1ಎ ಮೇಲೇರಿತು. ಆ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ, ನವೆಂಬರ್‌ನಲ್ಲಿ ಏಷ್ಯಾಡ್, ಬಣ್ಣದ ಟಿ.ವಿ. ಆ ಉಪಗ್ರಹ ತಿಂಗಳುಗಳಲ್ಲೇ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಹೋದ ಇನ್ಸಾಟ್-1ಬಿ ನಿಂತು ಕೆಲಸ ಮಾಡಿತು. ಆ ಉಪಗ್ರಹಗಳ ನಿಯಂತ್ರಣ ನಮ್ಮ ಹಾಸನದ ಕೇಂದ್ರದಿಂದ. 1984ರಲ್ಲಿ ಸರ್ಕಾರ ದಿನಕ್ಕೊಂದು ಪ್ರಸಾರ ಕೇಂದ್ರ ಎಂಬ ವೇಗದಲ್ಲಿ ದೇಶದ ತುಂಬ ಸಣ್ಣ ಗೋಪುರಗಳನ್ನು ನೆಟ್ಟಿತು. ಇವು 100 ವಾಟ್ ಶಕ್ತಿಯ ಮರುಪ್ರಸಾರ ಕೇಂದ್ರಗಳು. ಬೆಂಗಳೂರಿನಂಥ ದೊಡ್ಡ ಕೇಂದ್ರದ 10 ಕಿಲೋವಾಟ್ ಪ್ರಸಾರಕಕ್ಕೆ ಹೋಲಿಸಿದರೆ ನೂರರಲ್ಲಿ ಒಂದು ಪಾಲು. ಒಂದು ಪಟ್ಟಣ, ಅದರ ಸುತ್ತ ಕೆಲವು ಹಳ್ಳಿ, ಮುಗಿಯಿತು. ಈ ಗೋಪುರಗಳಿಗೆ ಸ್ವಂತ ಮಾತಿಲ್ಲ. ಉಪಗ್ರಹದಿಂದ ಇಳಿದದ್ದನ್ನು ಹಾಗೇ ಬಿತ್ತರಿಸುವುದು ಅವುಗಳ ಕೆಲಸ, ಇಳಿಯುತ್ತಿದ್ದದ್ದು ದೆಹಲಿ.

ಪರಿಣಾಮವನ್ನು ಯೋಚಿಸಿ. ಬೆಂಗಳೂರಿನಿಂದ ದೂರವಿದ್ದ ಬಹುತೇಕ ಪಟ್ಟಣಗಳಿಗೆ ಬೆಂಗಳೂರಿನ ಕನ್ನಡ ವಾರ್ತೆ ಸಿಗಲಿಲ್ಲ, 1,700 ಕಿಲೋಮೀಟರ್ ಆಚೆಯ ದೆಹಲಿಯ ಹಿಂದಿ ವಾರ್ತೆ ಸಿಕ್ಕಿತು. ಕನ್ನಡ ಕನ್ನಡಿಗನ ಮನೆ ಮುಟ್ಟದೆ ಹಿಂದಿ ಮುಟ್ಟಿದ್ದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ, ತಂತ್ರಜ್ಞಾನದ ಜೋಡಣೆಯೇ ಹಾಗಿತ್ತು. ಕನ್ನಡ ಇದ್ದದ್ದು ಗೋಪುರದ ಎತ್ತರದಲ್ಲಿ, ಹಿಂದಿ ಇದ್ದದ್ದು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಲ್ಲೂ ರಾತ್ರಿ ಎಂಟೂವರೆ ದಾಟಿದರೆ ಗೋಪುರ ದೆಹಲಿಯ ಪಾಲಾಗುತ್ತಿತ್ತು. ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರದಿದ್ದ ವರ್ಷಗಳವು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಬೀದಿಗಿಳಿದ ನಾಡಿನ ಹಜಾರಗಳಲ್ಲಿ ‘ಹಮ್ ಲೋಗ್’, ಆಮೇಲೆ ‘ರಾಮಾಯಣ’, ‘ಮಹಾಭಾರತ’ ಓಡಿದವು. ಜನ ಅವನ್ನು ಪ್ರೀತಿಯಿಂದಲೇ ನೋಡಿದರು, ಅದರಲ್ಲಿ ತಪ್ಪಿಲ್ಲ. ಕಳೆದುಕೊಂಡದ್ದು ಆಯ್ಕೆ. ಶಂಕರ್ ನಾಗ್ ಅವರ ತಂಡ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇದಕ್ಕೆ ದೊಡ್ಡ ಸಾಕ್ಷಿ. ನಿರ್ದೇಶಕರು ಕನ್ನಡಿಗರು, ಮನೆಗಳು ಮಲೆನಾಡಿನವು, ನಟರಲ್ಲಿ ಬಹಳ ಮಂದಿ ನಮ್ಮವರು. ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷ್. ಇಡೀ ದೇಶವನ್ನು ಮುಟ್ಟುವ ಎತ್ತರದಲ್ಲಿ ಆಗ ಕನ್ನಡಕ್ಕೆ ಜಾಗವಿರಲಿಲ್ಲ.

ಕನ್ನಡ ಕಾರ್ಯಕ್ರಮಗಳ ಗುಣಮಟ್ಟ ಕಡಿಮೆಯಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸದಾನಂದ ಸುವರ್ಣ ನಿರ್ದೇಶಿಸಿದ ‘ಗುಡ್ಡದ ಭೂತ’ ತೊಂಬತ್ತರ ದಶಕದ ಆರಂಭದಲ್ಲಿ ಬಂದಾಗ ತುಳುನಾಡಿನ ಮನೆ, ಕಾಡು, ನಂಬಿಕೆಗಳು ಕಿರುತೆರೆಗೆ ಬಂದ ರೀತಿ ಇಂದಿಗೂ ನೋಡಿದವರ ಮೈ ಜುಮ್ಮೆನಿಸುತ್ತದೆ. ಮುಂದೆ ಇಡೀ ದೇಶಕ್ಕೆ ಪರಿಚಯವಾದ ಪ್ರಕಾಶ್ ರೈ ಅದರಲ್ಲಿದ್ದರು. ಹದಿಮೂರು ಕಂತುಗಳಲ್ಲಿ ಹೇಳಿ ಮುಗಿಸುವ ಶಿಸ್ತು ಆ ಕಾಲದ ದೂರದರ್ಶನ ಕಲಿಸಿದ್ದು. ಸಾವಿರ ಕಂತು ಎಳೆಯುವ ಈಗಿನ ಧಾರಾವಾಹಿಗಳ ಪಕ್ಕದಲ್ಲಿಟ್ಟರೆ ಆ ಶಿಸ್ತಿನ ಬೆಲೆ ಗೊತ್ತಾಗುತ್ತದೆ.

ಕನ್ನಡ ಉಪಗ್ರಹಕ್ಕೆ ಏರಿದ್ದು ತೊಂಬತ್ತರ ದಶಕದ ಮೊದಲ ಭಾಗದಲ್ಲಿ. 1992ರಿಂದ ಮೇಲೇರಿದ ಇನ್ಸಾಟ್-2 ಸರಣಿ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲೇ ವಿನ್ಯಾಸಗೊಂಡು ನಿರ್ಮಾಣವಾದದ್ದು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಆಗ ಇಸ್ರೋ ಅಧ್ಯಕ್ಷರು. ಉಪಗ್ರಹದಲ್ಲಿ ಜಾಗ ಹೆಚ್ಚಿದ್ದರಿಂದ ಪ್ರಾದೇಶಿಕ ಭಾಷೆಗಳಿಗೂ ಪಾಲು ಸಿಕ್ಕಿತು. ಕನ್ನಡದ ಪಾಲು ‘ಡಿಡಿ-9’, ಮುಂದೆ ‘ಚಂದನ’. ಜೆ.ಸಿ. ನಗರದಲ್ಲಿ ತಯಾರಾದ ಕಾರ್ಯಕ್ರಮ ಅಲ್ಲಿನ ಗೋಪುರದ ತುದಿಯಿಂದ ಮಾತ್ರವಲ್ಲ, ಆವರಣದ ಬಟ್ಟಲಿನಿಂದಲೂ ಮೇಲೆ ಹಾರಿ, ಬೀದರಿಗೂ ಕಾರವಾರಕ್ಕೂ ಒಂದೇ ಗಳಿಗೆಯಲ್ಲಿ ಇಳಿಯತೊಡಗಿತು. ರಾಜ್ಯದ ಗಡಿಯನ್ನೂ ಅದು ಕೇಳಲಿಲ್ಲ. ಕಾಸರಗೋಡಿನ, ಸೊಲ್ಲಾಪುರದ, ಅಕ್ಕಲಕೋಟೆಯ, ಆದವಾನಿಯ ಕನ್ನಡದ ಮನೆಗಳಿಗೆ ಕನ್ನಡದ ಟಿ.ವಿ. ಬಂತು. ನನ್ನ ದೃಷ್ಟಿಯಲ್ಲಿ 1981ಕ್ಕಿಂತ ಇದು ದೊಡ್ಡ ಘಟನೆ. ಕುಮಾರಸ್ವಾಮಿ ಲೇಔಟಿಗೆ ತಾಗಿಕೊಂಡೇ ಇರುವ ಇಸ್ರೋ ಲೇಔಟಿನ ಬೀದಿಗಳಲ್ಲಿ ನಡೆಯುವಾಗ ಆ ಕೆಲಸ ಮಾಡಿದ ತಲೆಮಾರಿನ ಬಗ್ಗೆ ಗೌರವ ಮೂಡುತ್ತದೆ.

ಚಂದನ ಕೊಟ್ಟ ಎರಡು ಕಾರ್ಯಕ್ರಮಗಳನ್ನಾದರೂ ಹೆಸರಿಸಲೇಬೇಕು. 1998ರ ‘ಮಾಯಾಮೃಗ’, ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದು. ಮಧ್ಯಮವರ್ಗದ ಕನ್ನಡ ಮನೆಯ ಮಾತು, ಹಟ, ಆಸೆಗಳು ಅಲ್ಲಿ ದಿನವೂ ತೆರೆಯ ಮೇಲೆ ಬಂದವು. ಇನ್ನೊಂದು 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ನಡೆಸಿಕೊಟ್ಟ ಈ ರಸಪ್ರಶ್ನೆ ಕಾರ್ಯಕ್ರಮ ಸಾವಿರಾರು ಕಂತುಗಳನ್ನು ದಾಟಿತು. ಅಲ್ಲಿ ಗೆದ್ದವರಿಗೆ ಸಿಗುವುದು ಹಣವಲ್ಲ, ಕನ್ನಡ ಪುಸ್ತಕ. ಕೋಟಿಗಳ ಬಹುಮಾನದ ಆಟಗಳ ನಡುವೆ ಪುಸ್ತಕ ಕೊಡುವ ಒಂದು ಸ್ಪರ್ಧೆ ಇಷ್ಟು ವರ್ಷ ನಿಂತದ್ದು ಸಾರ್ವಜನಿಕ ಪ್ರಸಾರ ಇದ್ದುದರಿಂದ ಮಾತ್ರ ಸಾಧ್ಯವಾಯಿತು.

1994 ಕನ್ನಡ ಟಿ.ವಿ.ಗೆ ಎರಡು ಕಾರಣಕ್ಕೆ ಮುಖ್ಯ ವರ್ಷ. ಜೂನ್ 1ರಂದು ಉದಯ ಟಿ.ವಿ. ಶುರುವಾಯಿತು, ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್. ಅದೇ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದಾಗ ಪ್ರತಿಭಟನೆ ಎದ್ದು, ಅದು ಹಿಂಸೆಗೆ ತಿರುಗಿ, ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವಾರ್ತೆ ನಿಂತಿತು. ಹನ್ನೆರಡು ವರ್ಷ ರಾತ್ರಿಯ ಹೊತ್ತೆಲ್ಲ ಹಿಂದಿಗೆ ಬಿಟ್ಟುಕೊಟ್ಟಿದ್ದ ಗೋಪುರದಿಂದ, ಅದೇ ಊರಿನ ನೆರೆಯವರ ಮಾತಿಗೆ ಹತ್ತು ನಿಮಿಷ ಕೊಟ್ಟದ್ದಕ್ಕೆ ಇಷ್ಟು ಸಾವು. ಕನ್ನಡಕ್ಕೆ ಸಮಯ ಸಾಲದು ಎಂಬ ನೋವು ನಿಜವಾಗಿತ್ತು. ಆ ನೋವಿಗೆ ಉತ್ತರ ಕೊಡಬೇಕಿದ್ದದ್ದು ವೇಳಾಪಟ್ಟಿ ಮಾಡುತ್ತಿದ್ದ ದೆಹಲಿ. ಬೆಲೆ ತೆತ್ತದ್ದು ಬೆಂಗಳೂರಿನ ಬಡ ಬೀದಿಗಳು. ಈ ಚರಿತ್ರೆಯಲ್ಲಿ ಈ ಪುಟವನ್ನು ಹಾರಿಸಿ ಹೋಗುವುದು ನ್ಯಾಯವಲ್ಲ.

ಕೇಬಲ್ಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸಬಹುದು. ವಿದ್ಯುತ್ ಕಂಬದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಕಿಟಕಿಗೆ ಕಪ್ಪು ತಂತಿ ಬಂತು. 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಮತ್ತು ಟಿವಿ9, 2007ರಲ್ಲಿ ಸುವರ್ಣ. 1995ರ ಕೇಬಲ್ ಕಾಯ್ದೆ ದೂರದರ್ಶನದ ಚಾನೆಲ್‌ಗಳನ್ನು ತೋರಿಸಲೇಬೇಕೆಂದು ಕಡ್ಡಾಯ ಮಾಡಿದ್ದರಿಂದ ಚಂದನವೂ ಅದೇ ತಂತಿಯಲ್ಲಿ ಬಂತು, ತಾರಸಿಯ ಆಂಟೆನಾ ಬೇಡವಾಯಿತು. 2004ರ ಡಿಸೆಂಬರ್‌ನಲ್ಲಿ ಈಗಿನ ಡಿಡಿ ಫ್ರೀ ಡಿಶ್ ಶುರುವಾಯಿತು. ಒಮ್ಮೆ ಬಟ್ಟಲು, ಪೆಟ್ಟಿಗೆ ಕೊಂಡರೆ ತಿಂಗಳ ಹಣವಿಲ್ಲ. 2013ರಲ್ಲಿ ಬೆಂಗಳೂರಿನ ಕೇಬಲ್ ಡಿಜಿಟಲ್ ಆದಾಗ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಅಷ್ಟು ಹೊತ್ತಿಗೆ ಹಳೆಯ ಆಂಟೆನಾಗಳು ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿಯೋ, ಗುಜರಿಗೋ ಹೋಗಿದ್ದವು.

ಗೋಪುರದ ಪಾಲಿಗೆ ಇದು ಮೌನವಾದ ನಿವೃತ್ತಿ. 2016ರ ಫೆಬ್ರುವರಿಯಲ್ಲಿ ದೂರದರ್ಶನ ಬೆಂಗಳೂರು ಸೇರಿ 16 ನಗರಗಳಲ್ಲಿ ಗೋಪುರದಿಂದಲೇ ಡಿಜಿಟಲ್ ಪ್ರಸಾರ ಆರಂಭಿಸಿತು. ಹಳೆಯ ಒಂದು ಚಾನೆಲ್ಲಿನ ಜಾಗದಲ್ಲಿ ಹಲವು ಚಾನೆಲ್ ಕಳಿಸುವ ಒಳ್ಳೆಯ ವ್ಯವಸ್ಥೆ ಅದು. ಆದರೆ ಅದನ್ನು ಹಿಡಿಯುವ ಟಿ.ವಿ. ಯಾವುದು, ಫೋನಿಗೆ ಹಾಕುವ ಡಾಂಗಲ್ ಎಲ್ಲಿ ಸಿಗುತ್ತದೆ ಎಂದು ಜನಕ್ಕೆ ಯಾರೂ ತಿಳಿಸಲಿಲ್ಲ. ಅಂಗಡಿಯಲ್ಲಿ ಸಾಮಾನಿಲ್ಲದೆ ಆಕಾಶದಲ್ಲಿ ಸಿಗ್ನಲ್ ಇದ್ದು ಫಲವೇನು? ಒಂದು ಕಾಲಕ್ಕೆ ದೇಶದಲ್ಲಿ 1,400ಕ್ಕೂ ಹೆಚ್ಚು ಇದ್ದ ಅನಲಾಗ್ ಪ್ರಸಾರಕಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ, ಗಡಿ ಮತ್ತು ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದೆಲ್ಲವನ್ನೂ 2022ರ ಮಾರ್ಚ್ ಹೊತ್ತಿಗೆ ಮುಚ್ಚುವ ವೇಳಾಪಟ್ಟಿ ಹಾಕಿತು.

ಆ ನಡುವೆಯೇ ಕೋವಿಡ್ ಬಂತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆ ‘ಸಂವೇದ’ ಪಾಠಗಳನ್ನು ಕೊಟ್ಟದ್ದು ಚಂದನದ ಮೂಲಕ. ಸ್ಮಾರ್ಟ್‌ಫೋನ್ ಇಲ್ಲದ, ಇದ್ದರೂ ಡೇಟಾ ಹಾಕಿಸಲಾಗದ ಮನೆಗಳ ಮಕ್ಕಳಿಗೆ ಹಳ್ಳಿಯ ಟಿ.ವಿ.ಯೇ ತರಗತಿಯಾಯಿತು. ಗುಲಬರ್ಗಾ, ರಾಯಚೂರಿನ ಶಾಲೆಗಳಲ್ಲಿ 1975ರಲ್ಲಿ ಮಾಡಿದ ಕೆಲಸವನ್ನೇ 45 ವರ್ಷದ ಮೇಲೆ ಮತ್ತೆ ಮಾಡಬೇಕಾಯಿತು. ಎಲ್ಲರಿಗೂ ಒಂದೇ ಹೊತ್ತಿಗೆ, ಹಣ ಕೇಳದೆ ಮುಟ್ಟಿಸುವ ಪ್ರಸಾರವೊಂದು ಸದಾ ಸಿದ್ಧವಿರಬೇಕು ಎಂಬ ನನ್ನ ನಂಬಿಕೆ ಆ ವರ್ಷ ಗಟ್ಟಿಯಾಯಿತು.

ಗೋಪುರಕ್ಕೆ ಹೊಸ ಕೆಲಸವೊಂದು ಈಗ ಹುಡುಕಿಕೊಂಡು ಬಂದಿದೆ. ಡೈರೆಕ್ಟ್ ಟು ಮೊಬೈಲ್, ಚಿಕ್ಕದಾಗಿ ಡಿ2ಎಂ: ಇಂಟರ್ನೆಟ್ಟಿಲ್ಲದೆ, ಸಿಮ್ಮಿನ ಡೇಟಾ ಇಲ್ಲದೆ, ಗೋಪುರದಿಂದ ನೇರವಾಗಿ ಫೋನಿಗೆ ಟಿ.ವಿ. ಇದರ ತಂತ್ರಜ್ಞಾನದಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮತ್ತು ಕಾನ್ಪುರದ ಐಐಟಿ ಕೈಜೋಡಿಸಿವೆ. ಪ್ರಯೋಗಗಳು ಬೆಂಗಳೂರು, ದೆಹಲಿಯ ಕರ್ತವ್ಯ ಪಥ, ನೊಯ್ಡಾಗಳಲ್ಲಿ ನಡೆದವು. ಇದಕ್ಕೆ 470ರಿಂದ 582 ಮೆಗಾಹರ್ಟ್ಸ್ ತರಂಗಪಟ್ಟಿಯನ್ನು ಕಾದಿಡುವ ಮಾತಿದೆ. ಮೊಬೈಲ್ ಕಂಪನಿಗಳಿಗೆ ಇದು ಇಷ್ಟವಿಲ್ಲ, ಅದು ಸಹಜ. ಒಂದು ಕ್ರಿಕೆಟ್ ಪಂದ್ಯವನ್ನು ಕುಮಾರಸ್ವಾಮಿ ಲೇಔಟಿನ ಸಾವಿರ ಜನ ಫೋನಿನಲ್ಲಿ ನೋಡಿದರೆ ಮೊಬೈಲ್ ಟವರು ಅದೇ ಚಿತ್ರವನ್ನು ಸಾವಿರ ಸಲ ಬೇರೆಬೇರೆಯಾಗಿ ಕಳಿಸುತ್ತದೆ, ಸಾವಿರ ಸಲ ಡೇಟಾ ಲೆಕ್ಕವಾಗುತ್ತದೆ. ಪ್ರಸಾರ ಗೋಪುರ ಒಮ್ಮೆ ಕಳಿಸಿದರೆ ಸಾಕು, ಸಾವಿರವೂ ಲಕ್ಷವೂ ಒಂದೇ. ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಸುದ್ದಿಯನ್ನು ಒಬ್ಬೊಬ್ಬರ ಕಿವಿಯಲ್ಲಿ ಹೇಳಿ ಬರುವುದಕ್ಕೂ ಮೈಕಿನಲ್ಲಿ ಒಮ್ಮೆ ಕೂಗುವುದಕ್ಕೂ ಇರುವ ವ್ಯತ್ಯಾಸವದು.

ಆದರೆ ಜೆ.ಸಿ. ನಗರದ ಗೋಪುರ ಒಂದೇ ಈ ಕೆಲಸಕ್ಕೆ ಸಾಲದು. ಅಂದು ಆಂಟೆನಾ ತಾರಸಿಯ ಮೇಲಿತ್ತು, ಈಗ ಫೋನು ಅಡುಗೆಮನೆಯಲ್ಲಿದೆ, ಮೆಟ್ರೊ ಬೋಗಿಯಲ್ಲಿದೆ. ಉತ್ತರ, ದಕ್ಷಿಣದ ನಡುವೆ ಬಹುಮಹಡಿ ಕಟ್ಟಡಗಳ ಗೋಡೆಯೇ ಎದ್ದಿದೆ. ಟೋಕಿಯೊದವರಿಗೂ ಇದೇ ತೊಂದರೆ ಬಂದು, 1958ರ 333 ಮೀಟರ್ ಗೋಪುರ ಸಾಲದೆ 2012ರಲ್ಲಿ 634 ಮೀಟರಿನ ಸ್ಕೈಟ್ರೀ ತೆರೆದರು. ಬೆಂಗಳೂರಿಗೆ ಅಷ್ಟು ಖರ್ಚು ಬೇಕಿಲ್ಲ. ಹೊಸ ಡಿಜಿಟಲ್ ವಿಧಾನದಲ್ಲಿ ಹಲವು ಗೋಪುರಗಳು ಒಂದೇ ತರಂಗಾಂತರದಲ್ಲಿ ಒಂದೇ ಕಾರ್ಯಕ್ರಮವನ್ನು ಹೊತ್ತು ಹೊಂದಿಸಿಕೊಂಡು ಕಳಿಸಬಹುದು. ಅನಲಾಗ್ ಕಾಲದಲ್ಲಿ ಜೋಡಿ ಚಿತ್ರ ಮೂಡಿಸಿ ಕಾಡುತ್ತಿದ್ದ ತಡವಾದ ಪ್ರತಿಫಲನವನ್ನು, ತಡ ಒಂದು ಮಿತಿಯೊಳಗಿದ್ದರೆ, ಡಿಜಿಟಲ್ ಗ್ರಾಹಕ ಮೂಲ ಸಿಗ್ನಲ್ಲಿಗೇ ಕೂಡಿಸಿಕೊಳ್ಳುತ್ತದೆ. ತೊಂದರೆಯಾಗಿದ್ದದ್ದೇ ಬಲವಾಗುತ್ತದೆ. ಹಾಗಾಗಿ ನಗರದ ನಾಲ್ಕು ದಿಕ್ಕಿಗೆ ಮಧ್ಯಮ ಎತ್ತರದ ಪ್ರಸಾರಕಗಳು ಬೇಕು, ದಕ್ಷಿಣಕ್ಕೆ ಶಾವಿಗೆ ಮಲ್ಲೇಶ್ವರ ಬೆಟ್ಟದ ಏರಿಗಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ಬನಶಂಕರಿ, ಜೆ.ಪಿ. ನಗರ, ಪದ್ಮನಾಭನಗರ, ಕನಕಪುರ ರಸ್ತೆಯ ಹೊಸ ಬಡಾವಣೆಗಳೆಲ್ಲ ಅದರ ಸುತ್ತಳತೆಗೆ ಬರುತ್ತವೆ.

ಜಾಗಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಪ್ರಸಾರಕದ ಮೇಲೆ ಏನು ಹೋಗುತ್ತದೆ ಎಂಬುದು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 1984ರ ಗೋಪುರಗಳನ್ನು ನೆಡುವಾಗ ಕನ್ನಡದ ಪಾಲನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಅದನ್ನು ಪಡೆಯಲು ಒಂದು ದಶಕವೇ ಹಿಡಿಯಿತು. ಡಿ2ಎಂ ನಿಯಮಗಳು ಇನ್ನೂ ರೂಪುಗೊಳ್ಳಬೇಕಿವೆ, ಅದನ್ನು ಹಿಡಿಯುವ ಚಿಪ್ ಬಹುತೇಕ ಫೋನುಗಳಲ್ಲಿ ಇನ್ನೂ ಇಲ್ಲ. ಕರ್ನಾಟಕದ ಪ್ರತಿ ಪ್ರಸಾರಕದಲ್ಲಿ ಚಂದನ, ಬೆಂಗಳೂರು ಆಕಾಶವಾಣಿ, ಶಾಲಾ ಪಾಠದ ಒಂದು ವಾಹಿನಿ ಮತ್ತು ಪ್ರವಾಹದ ಎಚ್ಚರಿಕೆಯನ್ನು ಕನ್ನಡದಲ್ಲೇ ಕೊಡುವ ಒಂದು ಸಣ್ಣ ಹಾದಿ ಇರಬೇಕೆಂದು, 1995ರ ಕೇಬಲ್ ಕಾಯ್ದೆ ದೂರದರ್ಶನವನ್ನು ಕಡ್ಡಾಯ ಮಾಡಿದ ಹಾಗೆಯೇ, ಪರವಾನಗಿಯ ಷರತ್ತಿನಲ್ಲಿ ಬರೆಸಿಕೊಳ್ಳಲು ರಾಜ್ಯ ಸರ್ಕಾರಕ್ಕೂ ನಮ್ಮ ಸಂಸದರಿಗೂ ಸಮಯ ಇರುವುದು ಈಗಲೇ.